ಮೋಟಾರಿನ ಗಿಯರ್ ಪೆಟ್ಟಿಗೆ: ಯಾವುದು ತಕ್ಕುದು, ಯಾವ ವೆಚ್ಚ ಸಾರ್ಥಕ?

ಮೋಟಾರು ಕೊಳ್ಳಹೊರಟ ಗೃಹಸ್ಥರ ಮನೆಯಲ್ಲಿ ಈಚೆಗೆ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಗಿಯರನ್ನು ಕೈಯಿಂದ ಬದಲಾಯಿಸುವ ಗಾಡಿಯನ್ನು ತರುವುದೋ, ತಾನಾಗಿಯೇ ಬದಲಾಯಿಸಿಕೊಳ್ಳುವುದನ್ನು ತರುವುದೋ ಎಂಬುದು ಮೊದಲನೆಯದು. ತಂದ ಮೇಲೆ ಅದರ ಬಲವನ್ನು ಹೆಚ್ಚಿಸುವುದಕ್ಕೆ ಏನನ್ನು ಸೇರಿಸಬೇಕೆಂಬುದು ಎರಡನೆಯದು. ಮೊದಲನೆಯದನ್ನು ತಂದೆಯೂ ಎರಡನೆಯದನ್ನು ಮಗನೂ ಕೇಳುವುದು ವಾಡಿಕೆ. ಇಬ್ಬರಿಗೂ ಉತ್ತರ ಕೊಡುವವನು ಸಾಮಾನ್ಯವಾಗಿ ಮಾರುವವನೇ. ಈ ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ನನಗೆ ತೋರುತ್ತದೆ. ನಿತ್ಯದ ಸಂಚಾರದಲ್ಲಿ ನಮಗೆ ಕೊರತೆಯಾಗುವುದು ಎಂಜಿನ್ನಿನ ಬಲವಲ್ಲ. ಆ ಬಲವನ್ನು ಬೇಕಾದ ಹೊತ್ತಿಗೆ ಬೇಕಾದ ರೂಪದಲ್ಲಿ ನೆಲಕ್ಕೆ ಮುಟ್ಟಿಸುವ ಉಪಾಯ. ಇದನ್ನು ನಾವೆಲ್ಲರೂ ಬಲ್ಲ ರಸ್ತೆಗಳ ಮೇಲೆಯೇ ಪರೀಕ್ಷಿಸಿ ನೋಡೋಣ.

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟರೆ ಇಲವಾಲದ ಬಳಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಕೃಷ್ಣರಾಜನಗರಕ್ಕೆ ಹೋಗುತ್ತದೆ. ಅಲ್ಲಿ ಕಾವೇರಿಯ ನಾಲೆಗಳು, ಬತ್ತದ ಗದ್ದೆಗಳು. ಕೊಯ್ಲಿನ ಕಾಲದಲ್ಲಿ ಹೊರೆ ಹೊತ್ತ ಟ್ರ್ಯಾಕ್ಟರುಗಳು. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ನಡೆದು ಹೋಗುವ ಎತ್ತುಗಳು. ಇನ್ನೊಂದು ಕವಲು ರಾಷ್ಟ್ರೀಯ ಹೆದ್ದಾರಿ ೨೭೫. ಅದು ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ಬೈಲಕುಪ್ಪೆಯನ್ನೂ ಹಾಯ್ದು ಕುಶಾಲನಗರವನ್ನು ಮುಟ್ಟಿ, ಅಲ್ಲಿಂದ ಮಡಿಕೇರಿಗೆ ಏರುತ್ತದೆ. ಶನಿವಾರ ಭಾನುವಾರಗಳಲ್ಲಿ ಕೊಡಗಿಗೆ ಹೋಗುವವರ ಕಾರುಗಳೂ, ಹೊಗೆಸೊಪ್ಪಿನ ಹರಾಜಿನ ತಿಂಗಳುಗಳಲ್ಲಿ ಬೇಲುಗಳನ್ನು ತುಂಬಿದ ಗಾಡಿಗಳೂ ಇಲ್ಲಿ ಒಂದನ್ನೊಂದು ತಳ್ಳಾಡುತ್ತವೆ. ನೈರುತ್ಯಕ್ಕೆ ತಿರುಗಿದರೆ ಹಂಪಾಪುರದ ಮೇಲೆ ಹೆಗ್ಗಡದೇವನಕೋಟೆ. ಅದನ್ನು ದಾಟಿ ಅಂತರಸಂತೆಯ ಮುಂದಕ್ಕೆ ಬಾವಲಿಯ ಕಡೆಗೆ ಹೋದರೆ ನಾಗರಹೊಳೆಯ ಕಾಡು. ಮೇಲಿಂದ ಮೇಲೆ ರಸ್ತೆಯ ದಿಣ್ಣೆಗಳು, ಯಾವ ಕ್ಷಣದಲ್ಲಾದರೂ ಅಡ್ಡ ಬರಬಹುದಾದ ಆನೆ ಜಿಂಕೆಗಳು. ರಾತ್ರಿಯ ವೇಳೆ ಆ ಕಾಡಿನ ದಾರಿಯನ್ನು ಮುಚ್ಚಿರುತ್ತಾರೆ.

ಈ ನಾಲ್ಕು ತಾಲ್ಲೂಕುಗಳ ನೆಲ ಬಹುಮಟ್ಟಿಗೆ ಅಲೆಯಲೆಯಾದ ಮೈದಾನ. ನಿಜವಾದ ಏರು ಸಿಕ್ಕುವುದು ಕುಶಾಲನಗರದಿಂದಾಚೆಗೆ; ಅಲ್ಲಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಸುಮಾರು ೩೦೦ ಮೀಟರು ಮೇಲೇರಬೇಕು. ಈ ರಸ್ತೆಗಳು ಕಾರಿನಿಂದ ಕೇಳುವ ಬಲವೆಷ್ಟು? ಲೆಕ್ಕ ಕಷ್ಟವಾದುದಲ್ಲ. ಜನರೂ ಸಾಮಾನೂ ಸೇರಿ ೧,೩೦೦ ಕಿಲೋಗ್ರಾಂ ತೂಗುವ ಒಂದು ಸಣ್ಣ ಕಾರನ್ನು ತೆಗೆದುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಅದು ಗಂಟೆಗೆ ೬೦ ಕಿಲೋಮೀಟರಿನಂತೆ ಓಡುತ್ತಿರುವಾಗ, ಟೈರುಗಳ ಉರುಳುವಿಕೆಯ ತಡೆಯನ್ನೂ ಗಾಳಿಯ ತಡೆಯನ್ನೂ ಗೆಲ್ಲುವುದಕ್ಕೆ ಚಕ್ರಗಳಲ್ಲಿ ಬೇಕಾಗುವುದು ಸುಮಾರು ೭ ಅಶ್ವಶಕ್ತಿ ಮಾತ್ರ. ವೇಗವನ್ನು ೧೦೦ಕ್ಕೆ ಏರಿಸಿದರೆ ಅದು ೧೯ ಆಗುತ್ತದೆ. ಇನ್ನು ಹನ್ನೆರಡು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದೇ ಕಾರು ೪೦ರ ವೇಗದಲ್ಲಿ ಹತ್ತಬೇಕಾದರೂ ಬೇಕಾಗುವುದು ಅದೇ ೧೯. ಗಿಯರುಗಳ ಘರ್ಷಣೆಯಲ್ಲಿ ಸೋರಿಹೋಗುವುದನ್ನೂ ತಂಪು ಯಂತ್ರ ಕಸಿದುಕೊಳ್ಳುವುದನ್ನೂ ಕೂಡಿಸಿದರೆ ಸುಮಾರು ೨೫. ಈಗ ಮಾರುವ ಸಣ್ಣ ಕಾರುಗಳಲ್ಲಿಯೂ ೬೫ರಿಂದ ೯೦ ಅಶ್ವಶಕ್ತಿ ಇರುತ್ತದೆ. ೧೯೮೩ರಲ್ಲಿ ಬಂದ ಮಾರುತಿ ೮೦೦ ಕಾರಿನಲ್ಲಿದ್ದುದು ಸುಮಾರು ೪೦ ಅಶ್ವಶಕ್ತಿ, ನಾಲ್ಕೇ ಗಿಯರು. ಅದೂ ಸಂಸಾರ ಸಮೇತ ಮಡಿಕೇರಿಗೆ ಏರಿತು.

ಹಾಗಿದ್ದರೆ ಏರಿನಲ್ಲಿ ಕಾರು ಏಕೆ ಏದುತ್ತದೆ? ಇಲ್ಲಿಯೇ ಗಿಯರ್ ಪೆಟ್ಟಿಗೆಯ ಮರ್ಮವಿದೆ. ಹಿಂದೆ ಅಮೃತಮಹಲ್ ದನಗಳ ಕೇಂದ್ರವೆಂದು ಹೆಸರಾಗಿದ್ದ ಹುಣಸೂರಿನ ಸೀಮೆಯವರಿಗೆ ಎತ್ತಿನ ಸ್ವಭಾವವನ್ನು ಹೇಳಿಕೊಡಬೇಕಾದುದಿಲ್ಲ. ಎತ್ತು ನಿಂತಲ್ಲಿಂದಲೇ ತನ್ನ ಪೂರ್ಣಬಲವನ್ನು ಹಾಕಿ ಜಗ್ಗಬಲ್ಲುದು. ಪೆಟ್ರೋಲ್ ಎಂಜಿನ್ನಿಗೆ ಆ ಶಕ್ತಿಯಿಲ್ಲ. ಅದು ವೇಗವಾಗಿ ತಿರುಗಿದಾಗ ಮಾತ್ರ ಬಲವನ್ನು ಕೊಡುತ್ತದೆ. ಗಾಡಿಯವನು ಕಡಿದಾದ ಏರಿನಲ್ಲಿ ಇನ್ನೊಂದು ಜೊತೆ ಎತ್ತನ್ನು ಹೂಡುತ್ತಿದ್ದನು. ಮೋಟಾರಿಗೆ ಇನ್ನೊಂದು ಎಂಜಿನ್ನನ್ನು ಹೂಡುವಂತಿಲ್ಲ. ಅದರ ಬದಲು ಹಾರೆಯ ಉಪಾಯವನ್ನು ಮಾಡುತ್ತಾರೆ. ಕೈ ಹೆಚ್ಚು ದೂರ ಚಲಿಸಿ ಕಲ್ಲು ಸ್ವಲ್ಪವೇ ಮೇಲೇಳುವುದು ಹಾರೆಯ ಗುಣ. ದೂರವನ್ನು ಕೊಟ್ಟು ಬಲವನ್ನು ಕೊಳ್ಳುತ್ತೇವೆ. ಸಣ್ಣ ಹಲ್ಲುಚಕ್ರ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವುದೂ ಇದೇ ವ್ಯಾಪಾರ. ಗಿಯರೆಂದರೆ ಸುತ್ತುವ ಹಾರೆ.

ಇದಕ್ಕೂ ಅಂಕಿಗಳಿವೆ. ಸಾಮಾನ್ಯವಾದ ಒಂದು ಸಣ್ಣ ಪೆಟ್ರೋಲ್ ಕಾರು ಐದನೆಯ ಗಿಯರಿನಲ್ಲಿ ೪೦ರ ವೇಗದಲ್ಲಿದ್ದರೆ ಅದರ ಎಂಜಿನ್ನು ನಿಮಿಷಕ್ಕೆ ಸುಮಾರು ೧,೧೦೦ ಸುತ್ತು ಸುತ್ತುತ್ತಿರುತ್ತದೆ. ಆಗ ಅದು ಎಷ್ಟು ತಿಣುಕಿದರೂ ೧೨ ಅಶ್ವಶಕ್ತಿಯ ಸುತ್ತಮುತ್ತ ಮಾತ್ರ ಕೊಟ್ಟೀತು. ಏರಿಗೆ ಬೇಕಾದುದು ೨೫! ಎರಡನೆಯ ಗಿಯರಿಗೆ ಇಳಿಸಿದರೆ ಅದೇ ವೇಗದಲ್ಲಿ ಎಂಜಿನ್ನು ೨,೯೦೦ ಸುತ್ತಿಗೆ ಏರಿ ೪೦ ಅಶ್ವಶಕ್ತಿಯನ್ನು ಕೊಡುತ್ತದೆ. ಎಂಜಿನ್ನು ಅದೇ, ಪೆಟ್ರೋಲು ಅದೇ. ಬದಲಾದುದು ಹಲ್ಲುಚಕ್ರಗಳ ಜೋಡಣೆ ಒಂದೇ. ಹೊರೆ ಹೊತ್ತ ಟ್ರ್ಯಾಕ್ಟರನ್ನು ದಾಟುವಾಗಲೂ ಹೀಗೆಯೇ. ೪೦ರಿಂದ ೭೦ಕ್ಕೆ ವೇಗವನ್ನು ಏರಿಸುವುದಕ್ಕೆ ಮೂರನೆಯ ಗಿಯರಿನಲ್ಲಿ ಏಳೆಂಟು ಸೆಕೆಂಡು ಸಾಕು. ಐದನೆಯದರಲ್ಲಿ ಇಪ್ಪತ್ತು ಸೆಕೆಂಡಿನಷ್ಟು ಹಿಡಿಯುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವ ರಸ್ತೆಯಲ್ಲಿ ಈ ಹನ್ನೆರಡು ಹದಿಮೂರು ಸೆಕೆಂಡುಗಳ ಅಂತರ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಗಿಯರ್ ಪೆಟ್ಟಿಗೆಯನ್ನು ಆಯುವಾಗ ಕೇಳಬೇಕಾದ ಪ್ರಶ್ನೆ ಇದು: ತಕ್ಕ ಗಿಯರನ್ನು ತಕ್ಕ ಸಮಯಕ್ಕೆ ಒದಗಿಸುವ ಹೊಣೆಯನ್ನು ಯಾರು ಹೊರಬೇಕು, ಸಾರಥಿಯೋ ಯಂತ್ರವೋ?

ಸಾರಥಿಯ ಕಷ್ಟವನ್ನು ಕಡಮೆಮಾಡುವ ಪ್ರಯತ್ನ ಹಳೆಯದು. ತಿರುಗುತ್ತಿರುವ ಹಲ್ಲುಚಕ್ರಗಳು ಕರ್ಕಶವಾಗಿ ತಿಕ್ಕಾಡದೆ ಕೂಡಿಕೊಳ್ಳುವಂತೆ ಮೊದಲೇ ಅವುಗಳ ವೇಗವನ್ನು ಸರಿಗೂಡಿಸುವ ಸಿಂಕ್ರೋಮೆಷ್ ಏರ್ಪಾಡನ್ನು ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ೧೯೨೮ರಲ್ಲಿ ತಂದರು. ಕ್ಲಚ್ಚಿನ ಕಾಲ್ಮಣೆಯೇ ಇಲ್ಲದೆ ತಾನಾಗಿ ಗಿಯರು ಬದಲಾಯಿಸುವ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯನ್ನು ಜನರಲ್ ಮೋಟಾರ್ಸ್ ಸಂಸ್ಥೆ ೧೯೩೯ರಲ್ಲಿ ಮಾರಾಟಕ್ಕೆ ಬಿಟ್ಟಿತು. ಹಾಲೆಂಡಿನ ಡಾಫ್ ಸಂಸ್ಥೆ ೧೯೫೮ರಲ್ಲಿ ಪಟ್ಟಿಯಿಂದ ನಡೆಯುವ, ಮೆಟ್ಟಿಲುಗಳೇ ಇಲ್ಲದ ಪೆಟ್ಟಿಗೆಯನ್ನು ಹೊರತಂದಿತು. ನಮ್ಮ ದೇಶದ ಮಧ್ಯಮ ವರ್ಗದವರ ಕೈಗೆ ಸ್ವಯಂಚಾಲಿತ ಗಿಯರು ಸುಲಭವಾಗಿ ನಿಲುಕಿದುದು ೨೦೧೪ರಲ್ಲಿ, ಮಾರುತಿ ಸೆಲೆರಿಯೋ ಕಾರಿನ ಮೂಲಕ. ಗಿಯರ್ ಪೆಟ್ಟಿಗೆಯ ತಯಾರಿಕೆ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಬಿಡದಿಯಲ್ಲಿರುವ ಟೊಯೋಟ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆ ೨೦೦೪ರಲ್ಲಿಯೇ ಅವನ್ನು ತಯಾರಿಸತೊಡಗಿತು.

ಇನ್ನು ಒಂದೊಂದು ಬಗೆಯನ್ನೂ ನೋಡೋಣ. ಕೈಗಿಯರು ಬೆಲೆಯಲ್ಲಿ ಅಗ್ಗ, ರಚನೆಯಲ್ಲಿ ಸರಳ; ಯಾವ ತಾಲ್ಲೂಕು ಪಟ್ಟಣದ ಮೆಕ್ಯಾನಿಕನೂ ಅದನ್ನು ಬಿಚ್ಚಿ ಕೂಡಿಸಬಲ್ಲನು. ಏರಿನಲ್ಲಿ, ಕೆಸರಿನಲ್ಲಿ, ದಾಟುವಾಗ, ಗಿಯರು ಯಾವುದಿರಬೇಕೆಂಬುದನ್ನು ಮುಂದಿನ ದಾರಿಯನ್ನು ಕಣ್ಣಿನಿಂದ ಕಾಣುವ ಮನುಷ್ಯನೇ ನಿಶ್ಚಯಿಸುತ್ತಾನೆ. ಅದರ ಕೊರತೆ ಕಾಣುವುದು ಊರಿನೊಳಗೆ. ಹುಣಸೂರಿನ ಪೇಟೆಯಲ್ಲಿ ಸಂತೆಯ ದಿನ ಹೆಜ್ಜೆ ಹೆಜ್ಜೆಗೂ ಕ್ಲಚ್ಚನ್ನು ತುಳಿಯುವ ಎಡಗಾಲು ಅದನ್ನು ಬಲ್ಲುದು.

ಎ.ಎಂ.ಟಿ. ಎಂದು ಕರೆಯುವ ಎರಡನೆಯ ಬಗೆ ನಿಜವಾಗಿ ಕೈಗಿಯರೇ. ಒಳಗಿನ ಪೆಟ್ಟಿಗೆ ಬದಲಾಗಿಲ್ಲ. ಕ್ಲಚ್ಚನ್ನು ಒತ್ತುವ, ಗಿಯರನ್ನು ತಳ್ಳುವ ಕೆಲಸವನ್ನು ಮನುಷ್ಯನ ಕೈಕಾಲುಗಳ ಬದಲು ಯಂತ್ರದ ಕೈಗಳು ಮಾಡುತ್ತವೆ. ಬೆಲೆ ಸಾಮಾನ್ಯವಾಗಿ ಅರ್ಧ ಲಕ್ಷದಷ್ಟು ಹೆಚ್ಚು. ಪೆಟ್ರೋಲಿನ ಖರ್ಚು ಕೈಗಿಯರಿನಷ್ಟೇ. ಗಿಯರು ಬದಲಾಗುವ ಕ್ಷಣದಲ್ಲಿ ಬಲ ಒಮ್ಮೆ ಕಡಿದುಹೋಗುವುದರಿಂದ ಕುಳಿತವರ ತಲೆ ತೂಗುತ್ತದೆ. ದಾಟಬೇಕೆಂದು ತಟ್ಟನೆ ಒತ್ತಿದರೆ ಅದು ಯೋಚಿಸಿ ಉತ್ತರ ಕೊಡುತ್ತದೆ. ಇಂಥ ಕಾರಿನವರು ಮುಂದಿನ ಗಾಡಿಯನ್ನು ದಾಟುವ ಮೊದಲೇ ಹಿಡಿಯನ್ನು ಕೈಯಾಟದ ಕಡೆಗೆ ಸರಿಸಿ ಒಂದು ಗಿಯರನ್ನು ಇಳಿಸಿಕೊಂಡಿರಬೇಕು. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ವೇಗವರ್ಧಕವನ್ನು ಸ್ವಲ್ಪವೇ ಒತ್ತಿ ನಿಲ್ಲಿಸಿಕೊಳ್ಳುವ ಅಭ್ಯಾಸವನ್ನಂತೂ ಬಿಡಲೇಬೇಕು. ಕ್ಲಚ್ಚು ಬೆಂದುಹೋಗುವುದು ಹೀಗೆಯೇ. ನಿಲ್ಲಿಸುವುದಕ್ಕೆ ಇರುವುದು ಬ್ರೇಕು.

ಮೂರನೆಯದು ಟಾರ್ಕ್ ಕನ್ವರ್ಟರ್ ಉಳ್ಳ ಪೆಟ್ಟಿಗೆ. ಇಲ್ಲಿ ಎಂಜಿನ್ನಿಗೂ ಗಿಯರಿಗೂ ನಡುವೆ ಇರುವುದು ಎಣ್ಣೆ. ಒಂದು ಬೀಸಣಿಗೆ ಎಣ್ಣೆಯನ್ನು ತಳ್ಳುತ್ತದೆ. ಆ ಎಣ್ಣೆ ಎದುರಿನ ಬೀಸಣಿಗೆಯನ್ನು ತಿರುಗಿಸುತ್ತದೆ. ಆದ್ದರಿಂದ ಹೊರಡುವಾಗ ನಯ, ಏರಿನಲ್ಲಿ ಧೈರ್ಯ, ತೆವಳುವ ಸಂಚಾರದಲ್ಲಿ ತಾಳಿಕೆ. ಇದಕ್ಕೆ ಹಣವೂ ಹೆಚ್ಚು, ಪೆಟ್ರೋಲೂ ತುಸು ಹೆಚ್ಚು. ನಾಲ್ಕನೆಯದು ಸಿ.ವಿ.ಟಿ. ಅಗಲವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಎರಡು ರಾಟೆಗಳು, ಅವುಗಳ ನಡುವೆ ಒಂದು ಉಕ್ಕಿನ ಪಟ್ಟಿ. ಮೆಟ್ಟಿಲೇ ಇಲ್ಲದುದರಿಂದ ಊರಿನಲ್ಲಿ ಬೆಣ್ಣೆಯಂತೆ ಸಾಗುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಎಂಜಿನ್ನಿನ ಕೂಗು ಮುಂದೆ, ವೇಗ ಹಿಂದೆ. ಐದನೆಯದು ಡಿ.ಸಿ.ಟಿ. ಒಂದು, ಮೂರು, ಐದನೆಯ ಗಿಯರುಗಳಿಗೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರನೆಯವುಗಳಿಗೆ ಇನ್ನೊಂದು. ಒಂದು ಬಿಡುವುದರೊಳಗೆ ಇನ್ನೊಂದು ಹಿಡಿದಿರುತ್ತದೆ. ತೆರಪಾದ ಹೆದ್ದಾರಿಯಲ್ಲಿ ಇದನ್ನು ಮೀರಿಸುವುದಿಲ್ಲ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಬಗೆಯದಾದರೆ, ಇಂಚಿಂಚಾಗಿ ತೆವಳುವ ಸಂದಣಿಯಲ್ಲಿ ಅದು ಕಾಯುತ್ತದೆ. ದುರಸ್ತಿಯೂ ದುಬಾರಿ; ಅದಕ್ಕೆ ವಿಶೇಷ ಉಪಕರಣಗಳುಳ್ಳ ಕಾರ್ಯಾಗಾರವೇ ಆಗಬೇಕು.

ವಿದ್ಯುತ್ ಕಾರಿಗೆ ಈ ತೊಡಕುಗಳೊಂದೂ ಇಲ್ಲ. ಅದರ ಮೋಟಾರು ಎತ್ತಿನ ಹಾಗೆ, ನಿಂತಲ್ಲಿಂದಲೇ ಜಗ್ಗುತ್ತದೆ. ಅದಕ್ಕೆ ಬದಲಾಗದ ಒಂದೇ ಗಿಯರು ಸಾಕು.

ಒಟ್ಟಿನಲ್ಲಿ ತೀರ್ಮಾನ ಹೀಗೆ. ಹೆಗ್ಗಡದೇವನಕೋಟೆಯ ಹಳ್ಳಿಗಳ ಕಡೆಗೆ, ದುರಸ್ತಿಯ ಅನುಕೂಲದಿಂದ ದೂರವಾಗಿ ಹೆಚ್ಚು ಓಡಾಡುವವರಿಗೆ ಕೈಗಿಯರು ಅಥವಾ ಎ.ಎಂ.ಟಿ. ತಕ್ಕುದು. ಮೈಸೂರಿನ ಪೇಟೆಯ ಸಂದಣಿಯೇ ನಿತ್ಯದ ಪಾಡಾಗಿ, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವವರಿಗೆ ಎ.ಎಂ.ಟಿ. ಇಲ್ಲವೆ ಸಿ.ವಿ.ಟಿ. ಸಾಕು. ಮೊಣಕಾಲಿನ ನೋವಿನವರೂ ಮೇಲಿಂದ ಮೇಲೆ ಘಟ್ಟ ಹತ್ತುವವರೂ ಟಾರ್ಕ್ ಕನ್ವರ್ಟರಿಗೆ ಕೊಡುವ ಹಣ ವ್ಯರ್ಥವಲ್ಲ. ಯಾವುದನ್ನೇ ತಂದರೂ ಅದರ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದ ಕಾಲಕ್ಕೆ, ಹೇಳಿದ ಜಾತಿಯದನ್ನೇ ಹಾಕಿ ಬದಲಾಯಿಸಬೇಕು. ಸಿ.ವಿ.ಟಿ.ಗೆ ಬೇರೆ ಜಾತಿಯ ಎಣ್ಣೆ ವಿಷಕ್ಕೆ ಸಮಾನ.

ಏರುವುದಕ್ಕಿಂತ ಇಳಿಯುವುದು ಅಪಾಯಕರವೆಂಬ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಡಿಕೇರಿಯಿಂದ ಇಳಿಯುವಾಗ ಬ್ರೇಕನ್ನೇ ಒತ್ತಿಹಿಡಿದು ಬಂದರೆ ಅದು ಕಾಯುತ್ತದೆ. ಬ್ರೇಕಿನ ದ್ರವ ಕುದಿದರೆ ಕಾಲ್ಮಣೆ ನೆಲಕ್ಕೆ ಕುಸಿಯುತ್ತದೆ. ಆ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಡಾಟ್ ೪ ಎಂಬ ಜಾತಿಯದು ಹೊಸದಾಗಿರುವಾಗ ೨೩೦ ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದಿರಬೇಕೆಂದು ನಿಯಮ. ತೇವ ಹೀರಿದ ಮೇಲೆ ನಿಯಮದ ಕನಿಷ್ಠ ಮಿತಿ ೧೫೫. ಆದುದರಿಂದ ಯಾವ ಗಿಯರಿನಲ್ಲಿ ಆ ಏರನ್ನು ಹತ್ತುವಿರೋ ಅದೇ ಗಿಯರಿನಲ್ಲಿ ಇಳಿಯುವುದು ಹಳೆಯ ಚಾಲಕರ ಸೂತ್ರ. ಸ್ವಯಂಚಾಲಿತ ಗಾಡಿಯಲ್ಲಿಯೂ ಕೆಳಗಿನ ಗಿಯರಿನಲ್ಲಿ ನಿಲ್ಲಿಸಿಕೊಳ್ಳುವ ಸ್ಥಾನ ಬಹುಮಟ್ಟಿಗೆ ಇದ್ದೇ ಇರುತ್ತದೆ. ಅದನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು.

ಇನ್ನು ಎರಡನೆಯ ಪ್ರಶ್ನೆ, ಮಗನ ಪ್ರಶ್ನೆ. ಬಲವನ್ನು ಹೆಚ್ಚಿಸುತ್ತೇವೆಂದು ಮಾರುವ ಸಾಮಗ್ರಿಗಳಲ್ಲಿ ಮೂರು ಪ್ರಸಿದ್ಧವಾದುವು: ಹೆಚ್ಚು ಗಾಳಿಯನ್ನು ಎಳೆಯುವ ಶೋಧಕ, ಹೆಚ್ಚು ಸದ್ದು ಮಾಡುವ ಹೊಗೆಕೊಳವೆ, ಎಂಜಿನ್ನಿನ ಗಣಕಕ್ಕೆ ಹೊಸ ಆಜ್ಞೆಗಳನ್ನು ಬರೆಯುವುದು. ಟರ್ಬೋ ಇಲ್ಲದ ಸಾಮಾನ್ಯ ಎಂಜಿನ್ನಿನಲ್ಲಿ ಈ ಮೂರರಿಂದಲೂ ಸಿಕ್ಕುವ ಲಾಭ ಅತ್ಯಲ್ಪ. ಸಿಕ್ಕುವುದು ಮುಖ್ಯವಾಗಿ ಸದ್ದು. ಟರ್ಬೋ ಎಂಜಿನ್ನಿನಲ್ಲಿ ಗಣಕದ ಆಜ್ಞೆಯನ್ನು ತಿದ್ದಿದರೆ ಬಲ ಹೆಚ್ಚುವುದೇನೋ ನಿಜ. ಕ್ಲಚ್ಚಿಗೂ ಗಿಯರ್ ಪೆಟ್ಟಿಗೆಗೂ ತಾಳಬಲ್ಲ ತಿರುಚುಬಲಕ್ಕೆ ಒಂದು ಮಿತಿ ಉಂಟು. ಎಂಜಿನ್ನನ್ನು ಬಲಪಡಿಸಿದವನು ಅವನ್ನು ಬಲಪಡಿಸಿರುವುದಿಲ್ಲ. ತಯಾರಕರ ಭರವಸೆಯ ಅವಧಿಗೂ ಅಲ್ಲಿಗೆ ಸಂಚಕಾರ. ಅಗಲವಾದ, ಎತ್ತರವಾದ ಟೈರುಗಳನ್ನು ಹಾಕಿಸುವವರು ಇನ್ನೊಂದನ್ನು ಮರೆಯುತ್ತಾರೆ. ಟೈರಿನ ಸುತ್ತಳತೆ ನೂರಕ್ಕೆ ಐದು ಹೆಚ್ಚಿದರೆ ಎಲ್ಲ ಗಿಯರುಗಳ ಎಳೆತವೂ ನೂರಕ್ಕೆ ಐದರಷ್ಟು ತಗ್ಗುತ್ತದೆ, ವೇಗಮಾಪಕವೂ ನಿಜಕ್ಕಿಂತ ಕಡಮೆಯತ್ತ ಸರಿಯುತ್ತದೆ. ಬಲವನ್ನು ಹೆಚ್ಚಿಸಹೋಗಿ ಹಾರೆಯನ್ನೇ ಗಿಡ್ಡ ಮಾಡಿಕೊಂಡ ಹಾಗಾಯಿತು.

ಕಾನೂನೂ ಇದಕ್ಕೆ ಅಡ್ಡವಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಅಧಿನಿಯಮದ ಪ್ರಕಾರ, ಅನುಮತಿಯಿಲ್ಲದ ಇಂಥ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ ೫,೦೦೦ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದನ್ನೇ.

ಹಾಗಾದರೆ ಯಾವ ವೆಚ್ಚ ಸಾರ್ಥಕ? ಇದಕ್ಕೆ ಉತ್ತರವನ್ನು ಕೊಡುವುದು ನಿಲ್ಲುವ ದೂರ. ಒಳ್ಳೆಯ ಒಣ ರಸ್ತೆಯಲ್ಲಿ ೬೦ರ ವೇಗದಿಂದ ನಿಲ್ಲುವುದಕ್ಕೆ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು ೩೭ ಮೀಟರು ಬೇಕು. ೮೦ರಿಂದಾದರೆ ೫೮. ರಸ್ತೆ ನೆನೆದು ಟೈರಿನ ಹಿಡಿತ ಸಡಿಲವಾಗಿದ್ದರೆ ಇವೇ ೫೨ ಮತ್ತು ೮೫ ಆಗುತ್ತವೆ. ಕೃಷ್ಣರಾಜನಗರದ ದಾರಿಯಲ್ಲಿ ನಾಲೆಯ ತಿರುವಿನಾಚೆ ಎತ್ತಿನ ಗಾಡಿಯೊಂದು ನಿಂತಿದ್ದರೆ, ಗಾಡಿಯಲ್ಲಿ ಕುಳಿತವನ ಪ್ರಾಣ ಈ ಅಂಕಿಗಳ ನಡುವಣ ಅಂತರದಲ್ಲಿದೆ. ನಮ್ಮ ಕಾರಿನ ಅಶ್ವಶಕ್ತಿಯಿಂದ ಅವನಿಗಾಗುವ ಪ್ರಯೋಜನವೇನೂ ಇಲ್ಲ.

ಆದ್ದರಿಂದ ಮೊದಲ ಹಣ ಟೈರಿಗೆ. ಅಳತೆಯನ್ನು ಬದಲಾಯಿಸದೆ, ಅದೇ ಅಳತೆಯಲ್ಲಿ ಉತ್ತಮವಾದುದನ್ನು ಹಾಕಿಸುವುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಗಳು ಅದರ ಹುಟ್ಟಿದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. ೨೩೨೪ ಎಂದಿದ್ದರೆ ೨೦೨೪ರ ೨೩ನೆಯ ವಾರ. ಗೀರುಗಳ ಆಳ ೧.೬ ಮಿಲಿಮೀಟರಿಗಿಂತ ತಗ್ಗಕೂಡದೆಂದು ನಿಯಮ. ಮಳೆಗಾಲದಲ್ಲಿ ಕೊಡಗಿನ ಕಡೆಗೆ ಓಡಾಡುವವರು ೩ ಮಿಲಿಮೀಟರಿಗೇ ಬದಲಾಯಿಸುವುದು ಲೇಸು. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಗಾಳಿಯನ್ನು ಅಳೆಯಿಸುವುದಕ್ಕೆ ಹಣವೇ ಬೇಕಾಗಿಲ್ಲ. ಎರಡನೆಯ ಹಣ ಬ್ರೇಕಿಗೆ: ಒಳ್ಳೆಯ ಪ್ಯಾಡುಗಳು, ಎರಡು ವರ್ಷಕ್ಕೊಮ್ಮೆ ಹೊಸ ದ್ರವ. ಮೂರನೆಯದು ದೀಪಕ್ಕೆ. ಹ್ಯಾಲೊಜನ್ ದೀಪಕ್ಕಾಗಿ ಮಾಡಿದ ಗೂಡಿನಲ್ಲಿ ಕಣ್ಣು ಕುಕ್ಕುವ ಎಲ್.ಇ.ಡಿ. ಬಲ್ಬನ್ನು ತುರುಕಿದರೆ ಬೆಳಕು ರಸ್ತೆಯ ಮೇಲೆ ಬೀಳದೆ ಎದುರಿನವನ ಕಣ್ಣಿಗೆ ಬೀಳುತ್ತದೆ. ಹಳೆಯ ದೀಪದ ಮುಸುಕಾದ ಗಾಜನ್ನು ಉಜ್ಜಿಸಿ, ಅದರ ನೇರವನ್ನು ಸರಿಪಡಿಸಿದರೆ ಹಿಂದಿನ ಕೆಂಪು ಗಾಜಿಲ್ಲದ ಟ್ರ್ಯಾಕ್ಟರು ದೂರದಿಂದಲೇ ಕಂಡೀತು. ನಾಲ್ಕನೆಯದು, ರಸ್ತೆಯ ದಿಣ್ಣೆಗಳಲ್ಲಿ ಸವೆದ ಆಘಾತಶಾಮಕಗಳಿಗೆ. ಅವು ಸೋತಾಗ ಚಕ್ರ ಕುಪ್ಪಳಿಸುತ್ತದೆ; ಕುಪ್ಪಳಿಸುವ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಐದನೆಯದು ಸಕಾಲಕ್ಕೆ ಎಂಜಿನ್ ಎಣ್ಣೆ, ಗಾಳಿಯ ಶೋಧಕ, ಸ್ಪಾರ್ಕ್ ಪ್ಲಗ್ಗು. ಹೊಗೆಸೊಪ್ಪಿನ ಸೀಮೆಯ ಕೆಮ್ಮಣ್ಣಿನ ಧೂಳಿನಲ್ಲಿ ಓಡುವ ಗಾಡಿಗೆ ಶೋಧಕವನ್ನು ಹೊಸದಾಗಿ ಹಾಕಿಸಿದರೆ, ಕಳೆದುಹೋಗಿದ್ದ ಬಲವೇ ಹಿಂದಕ್ಕೆ ಬರುತ್ತದೆ. ತರುಣರಿಗೆ ಅದು ಹೊಸ ಬಲವೆಂದೇ ತೋರೀತು.

೨೦೧೮ರ ಕೇಂದ್ರ ಸರ್ಕಾರದ ಅಧಿಸೂಚನೆ, ಎಕ್ಸ್‌ಪ್ರೆಸ್ ದಾರಿಗಳನ್ನೂ ನಡುವಿಭಜಕವುಳ್ಳ ನಾಲ್ಕು ಪಥದ ಹೆದ್ದಾರಿಗಳನ್ನೂ ಬಿಟ್ಟು, ಉಳಿದ ರಸ್ತೆಗಳಲ್ಲಿ ಕಾರುಗಳಿಗೆ ಗಂಟೆಗೆ ೭೦ ಕಿಲೋಮೀಟರಿನ ಮೇಲ್ಮಿತಿಯನ್ನು ಗೊತ್ತುಮಾಡಿತು. ಆ ವೇಗಕ್ಕೆ ಸಮತಟ್ಟಿನಲ್ಲಿ ಬೇಕಾಗುವುದು ಹತ್ತು ಅಶ್ವಶಕ್ತಿಗಿಂತಲೂ ಕಡಮೆ. ನಮ್ಮ ಮನೆಯ ಮುಂದೆ ನಿಂತಿರುವ ಅತಿ ಸಾಮಾನ್ಯ ಕಾರಿನಲ್ಲಿಯೂ ಅದರ ಏಳೆಂಟರಷ್ಟು ಆಗಲೇ ಇದೆ. ಮುಂದಿನ ಸಲ ಊರಿಗೆ ಹೊರಡುವ ಮೊದಲು ಟೈರಿನ ಮೇಲಿನ ಆ ನಾಲ್ಕಂಕಿಗಳನ್ನು ಓದಿ, ಬ್ರೇಕಿನ ದ್ರವವನ್ನು ಬದಲಾಯಿಸಿ ಎಷ್ಟು ಕಾಲವಾಯಿತೆಂದು ಚೀಟಿಯಲ್ಲಿ ನೋಡಿ, ಆಮೇಲೆ ಉಳಿದ ಹಣವನ್ನು ಏನು ಮಾಡಬೇಕೆಂದು ತಂದೆ ಮಕ್ಕಳು ಕುಳಿತು ಮಾತನಾಡಿಕೊಳ್ಳಬಹುದು.